ಪರಸಪ್ಪನ ಗೋಡೆಯ ಮೂರು ಕೋಡಿನದು

ದುಂಡವ್ವನ ಎಮ್ಮೆಗೆ ಬಣ್ಣವಿಲ್ಲ. ಬಿಳಿ ಅಂತಲ್ಲ, ಬೂದಿ ಅಂತಲೂ ಅಲ್ಲ. ಎದುರಿಗಿದ್ದಾಗ ಎಮ್ಮೆ ನಿಂತಿದೆ ಅನ್ನುವುದು ಗೊತ್ತಾಗುತ್ತದೆ. ಮುಖ ಆಚೆ ಹೊರಳಿಸಿದರೆ ಅದು ಹೇಗಿತ್ತೆಂದು ನೆನಪಿಗೆ ಬರುವುದಿಲ್ಲ. ತನ್ನ ಕೊಟ್ಟಿಗೆಯಲ್ಲೇ ಅದನ್ನು ಹುಡುಕಿ ಹುಡುಕಿ ಸಾಕಾಗಿ ದುಂಡವ್ವ ಅದರ ಕೊರಳಿಗೆ ಕೆಂಪು ಅರಿವೆ ಸುತ್ತಿ ಗಂಟೆ ಕಟ್ಟಿದ್ದಾಳೆ. ಹಾಲು ಮೊದಲಿನಷ್ಟೇ ಕೊಡುತ್ತದೆ, ಹೆಪ್ಪೂ ಸರಿಯಾಗಿ ಹಿಡಿಯುತ್ತದೆ. ಅದರ ತೊಗಲು ಮಾತ್ರ ಈಗ ಪರಸಪ್ಪನ ಮನೆಯ ಬೀದಿಗೋಡೆಯ ಮೇಲೆ, ಮೂರು ಕೋಡಿನದರ ಮೈಮೇಲಿದೆ. ಸಂಜೆ ಬಿಸಿಲು ಬಿದ್ದಾಗ ಅಲ್ಲಿ ನಿಂತು ನೋಡಿದರೆ, ಪಕ್ಕೆಯಲ್ಲಿ ಉಣ್ಣಿ ಕಚ್ಚಿದ ಕಲೆ ಸಮೇತ ಅದು ದುಂಡವ್ವನ ಎಮ್ಮೆಯದೇ ಅಂತ ಯಾರು ಬೇಕಾದರೂ ಹೇಳುತ್ತಾರೆ. ಆ ಗೋಡೆಗೆ ಬಣ್ಣ ಅರೆದುಕೊಟ್ಟವಳು ನಾನು.

ನಮ್ಮದು ಹಾಸುಗಲ್ಲಿನ ಊರು. ಪಡುವಣ ದಿಕ್ಕಿಗೆ ಕಲ್ಲಿನ ಗಣಿಗಳಿವೆ. ಹಾರೆ ಹಾಕಿ ಪದರ ಎಬ್ಬಿಸುವಾಗ ಒಮ್ಮೊಮ್ಮೆ ಕಲ್ಲಿನ ನಡುವೆ ಎಲುಬು ಸಿಗುತ್ತವೆ. ಎತ್ತಿನವಲ್ಲ, ಆನೆಯವೂ ಅಲ್ಲ. ನಾವು ಯಾರೂ ಇಲ್ಲದ ಕಾಲಕ್ಕೆ ಇಲ್ಲಿ ಮೇಯ್ದು ಹೋದವುಗಳದು. ಶಾಲೆಯ ಮಕ್ಕಳು ಡೈನೋಸಾರ್ ಅನ್ನುತ್ತಾರೆ. ನಾವು ‘ಹಿಂದಿನವು’ ಅನ್ನುತ್ತೇವೆ. ಹೆಸರು ಯಾವುದಾದರೇನು, ಎಲುಬು ಬಿಸಿಲು ಕಂಡ ಮೇಲೆ ಯಾರ ಗಣಿಯಲ್ಲಿ ಸಿಕ್ಕಿತೋ ಅವರ ಮನೆಯ ಗೋಡೆಗೆ ಅದರ ಚಿತ್ರ ಏರಲೇಬೇಕು; ತಡವಾದರೆ ಅದು ಆ ಮನೆಯವರ ಮೈಗೆ ಏರತೊಡಗುತ್ತದೆ. ಅದಕ್ಕೆಂದೇ ನಮ್ಮಂಥ ಬಣ್ಣದ ಮನೆಗಳು ಊರಲ್ಲಿ ನಾಲ್ಕಾರು ಇವೆ. ನನ್ನ ಗಂಡ ಮೌನಪ್ಪ ಬರೆಯುತ್ತಾರೆ. ಕಾಳವ್ವ ಅನ್ನುವ ನಾನು ಅವರಿಗೆ ಬಣ್ಣ ಅರೆಯುತ್ತೇನೆ.

ಎಲುಬನ್ನು ಅಂಗಳದಲ್ಲಿ ಜೋಡಿಸಿ, ಹಗ್ಗ ಹಿಡಿದು ಅಳೆದು, ಇದು ತೊಡೆ ಇದು ದವಡೆ ಅಂತ ಗೊತ್ತುಮಾಡಿಕೊಳ್ಳುವುದು ಕಷ್ಟವಲ್ಲ. ಆಮೇಲಿನದು ಕಷ್ಟ. ಕೆಳಗಿನ ಓಣಿಯ ಕಲ್ಲಪ್ಪನೂ ಬರೆಯುತ್ತಾನೆ; ಅವನು ಬರೆದವೆಲ್ಲ ಬರಗಾಲದ ದನದ ಹಾಗೆ ಪಕ್ಕೆಲುಬು ಎದ್ದುಕೊಂಡಿರುತ್ತವೆ. ನನ್ನ ಗಂಡನಿಗೆ ಅದು ಸೇರುವುದಿಲ್ಲ. “ಎಲುಬಷ್ಟ ನೋಡಿ ಎತ್ತು ಬರದ್ರ ಅದಕ್ಕ ಡುಬ್ಬ ಎಲ್ಲಿಂದ ಬರಬೇಕು? ಡುಬ್ಬದಾಗ ಎಲುಬಿಲ್ಲ. ಕೊರಳ ಕೆಳಗ ಗಂಗೆದೊಗಲು ಜೋತಾಡತೈತಿ, ಅದರಾಗೂ ಇಲ್ಲ. ಎತ್ತು ಅನ್ನೂದು ಎಲುಬಿನ ಹೊರಗ ಐತಿ,” ಅನ್ನುತ್ತಾರೆ.

ಎಲುಬಿನಲ್ಲಿ ಇಲ್ಲದ್ದನ್ನು ಜೀವ ಇದ್ದವರಿಂದ ಎರವಲು ತರಬೇಕು. ತೊಗಲು ಒಬ್ಬರದು, ನಡಿಗೆ ಒಬ್ಬರದು, ದನಿ ಒಬ್ಬರದು. ಕೊಟ್ಟವರು ಅದಿಲ್ಲದೆ ಬಾಳುವೆ ಮಾಡುತ್ತಾರೆ. ಬೆನ್ನ ಮೇಲೆ ಹಲಗೆ ಹೊತ್ತದ್ದೊಂದಕ್ಕೆ ಫಕೀರಪ್ಪ ತನ್ನ ನಡಿಗೆ ಕೊಟ್ಟ. ಈಗ ಅವನು ಬಾವಿಯ ಹತ್ತಿರ ಇರುತ್ತಾನೆ, ಸ್ವಲ್ಪ ಹೊತ್ತಿಗೆ ಚಹಾದಂಗಡಿಯ ಕಟ್ಟೆಯ ಮೇಲಿರುತ್ತಾನೆ, ನಡುವಿನ ದಾರಿಯಲ್ಲಿ ಅವನನ್ನು ಕಂಡವರಿಲ್ಲ. ಚಪ್ಪಲಿ ಸವೆಯುವುದಿಲ್ಲವಲ್ಲ ಅಂತ ಅವನ ಸಮಾಧಾನ. ತಲೆಯ ಮೇಲೆ ಕೊಳವೆಯಂಥ ಜುಟ್ಟಿದ್ದದ್ದಕ್ಕೆ ಕ್ಷೌರದ ಹಂಪಣ್ಣ ತನ್ನ ಗೊರಕೆ ಕೊಟ್ಟ. ಅವನ ಹೆಂಡತಿ ಈಗ ಸುಖವಾಗಿ ನಿದ್ದೆ ಮಾಡುತ್ತಾಳೆ. ಆ ಗೋಡೆಯ ಎದುರು ಮನೆಯವರಿಗೆ ಮಾತ್ರ ಮಧ್ಯಾಹ್ನದ ನಿದ್ದೆಯಿಲ್ಲ.

ನೋಟದ ಮಾತು ಮಾತ್ರ ಬೇರೆ. ನೋಟವನ್ನು ದನದಿಂದ ತರಲಿಕ್ಕೆ ಬರುವುದಿಲ್ಲ, ಮನುಷ್ಯರೇ ಕೊಡಬೇಕು. ಅದೂ ಎಲುಬು ಸಿಕ್ಕ ಮನೆಯವರೇ ಕೊಡಬೇಕು. ಎಲುಬನ್ನು ಎಲ್ಲರಿಗಿಂತ ಮೊದಲು ಕಂಡವನ ನೋಟ ನಡೆಯುವುದಿಲ್ಲ. ಅದು ಆಗಲೇ ಎಲುಬಿಗೆ ತಾಗಿ ಹೋಗಿರುತ್ತದೆ.

ಊರ ಅಗಸಿಬಾಗಿಲ ಪಕ್ಕದ ತಂಗೆವ್ವ ಉದ್ದ ಕೊರಳಿನದಕ್ಕೆ ನೋಟ ಕೊಟ್ಟವಳು. ಅವಳ ಕಣ್ಣು ಚೆನ್ನಾಗಿವೆ. ಸೂಜಿಗೆ ದಾರ ಪೋಣಿಸುತ್ತಾಳೆ, ಜೋಳದಲ್ಲಿನ ಕಲ್ಲು ಆರಿಸುತ್ತಾಳೆ. ಆದರೆ ಅವಳು ನಮ್ಮ ಕಡೆ ಮುಖ ಮಾಡಿ ಕೂತರೂ ನಮ್ಮನ್ನು ಯಾರೂ ನೋಡುತ್ತಿಲ್ಲ ಅನ್ನಿಸುತ್ತದೆ, ಖಾಲಿ ಮನೆಯಲ್ಲಿ ಕೂತಂತೆ. ಅದೇ ಅವಳ ಗೋಡೆಯ ಮುಂದೆ ಹಾದುಹೋಗುವ ಹೆಂಗಸರು ತಾವಾಗಿ ಸೆರಗು ಸರಿಮಾಡಿಕೊಳ್ಳುತ್ತಾರೆ. ನೋಟ ಕೊಟ್ಟಾಗ ಅವಳ ಮಗ ಎದೆಹಾಲು ಕುಡಿಯುವ ಕೂಸು. ತಾಯಿಯ ತೊಡೆಯ ಮೇಲೆ ಮಲಗಿ ತಾಯಿಯನ್ನೇ ಹುಡುಕಿ ಅಳುತ್ತಿತ್ತಂತೆ. ಕೊನೆಗೆ ಅವಳು ಗೋಡೆಯ ಕೆಳಗೆ ಚಾಪೆ ಹಾಸಿಕೊಂಡು ಕೂತು ಹಾಲು ಕುಡಿಸುತ್ತಿದ್ದಳು. ಆ ಮಗನಿಗೆ ಈಗ ಮೀಸೆ ಬಂದಿದೆ. ಹೊಸ ಅಂಗಿ ತೊಟ್ಟ ದಿನ ಇವತ್ತಿಗೂ ಮೊದಲು ಗೋಡೆಯ ಮುಂದೆ ಹೋಗಿ ನಿಂತು, ಆಮೇಲೆ ಮುಂದಿನ ಕೆಲಸಕ್ಕೆ ಹೋಗುತ್ತಾನೆ.

ಸುಗ್ಗಿ ಮುಗಿಯುವ ಹೊತ್ತಿಗೆ ಪರಸಪ್ಪನ ಮಗ ದುರಗಪ್ಪ ತನ್ನ ಗಣಿಯಲ್ಲಿ ದೊಡ್ಡದೊಂದು ಹಾಸು ಎಬ್ಬಿಸಿದ. ಕೆಳಗೆ ತಲೆಬುರುಡೆ ಇತ್ತು. ಹುಬ್ಬಿನ ಮೇಲೆ ಮಾರುದ್ದದ ಎರಡು ಕೋಡು, ಮೂಗಿನ ಮೇಲೆ ಮೋಟು ಕೋಡೊಂದು, ಹಿಂದೆ ಕೊರಳಿಗೆ ಅಡ್ಡ ಹಿಡಿದಂತೆ ದೊಡ್ಡ ಮೊರದಂಥ ಎಲುಬು. ಬಂಡಿಯಲ್ಲಿ ತಂದು ಅಂಗಳದಲ್ಲಿ ಇಳಿಸಿದರು. ಆಗ ನನ್ನ ಗಂಡ ಚಳಿಜ್ವರ ಬಂದು ಮಲಗಿದ್ದರು. ಕಲ್ಲಪ್ಪನನ್ನು ಕರೆಯಿರಿ ಅಂದರೆ ಪರಸಪ್ಪ ಒಪ್ಪಲಿಲ್ಲ. “ಮೌನಪ್ಪ ಎದ್ದ ಮ್ಯಾಲೆ ಬರೀಲಿ. ಇಷ್ಟು ಚಂದಂದು ಉಪವಾಸ ಬಿದ್ದಂಗ ನನ್ನ ಗ್ವಾಡಿ ಮ್ಯಾಲೆ ನಿಂದರೂದು ಬ್ಯಾಡ,” ಅಂದ.

ಅಷ್ಟರಲ್ಲಿ ಆ ಮನೆಯವರಿಗೆ ಶುರುವಾಯಿತು. ಪರಸಪ್ಪನಿಗೆ ಕಲ್ಲಿನ ಪುಡಿ ಕೂತು ಕಣ್ಣು ಹಾಲುಗಟ್ಟಿ ವರ್ಷಗಳಾಗಿವೆ. ಗೋಡೆ ಸವರಿಕೊಂಡೇ ತಿರುಗಾಡುವ ಮನುಷ್ಯ. ಅಂಥವನು ಬಾಗಿಲ ಹತ್ತಿರ ಬಂದಾಗ ತಲೆ ಓರೆ ಮಾಡಿ, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ನುಗ್ಗಿಸಿ ಒಳಗೆ ಬರತೊಡಗಿದ. ದುರಗಪ್ಪನೂ ಹಾಗೇ. ಚಹಾದಂಗಡಿಯವನು ನಕ್ಕ. “ಯಾಕಪಾ ದುರಗಪ್ಪ, ಅಗಸಿ ಸಾಲವಲ್ದೇನು ನಿನಗ?” ದುರಗಪ್ಪನೂ ನಕ್ಕ. “ಏನೋ ಮಾರಾಯ, ತಲಿ ಮ್ಯಾಲೆ ಹುಲ್ಲಿನ ಹೊರಿ ಹೊತ್ತಂಗ ಆಗತೈತಿ. ಇಳಸಾಕ ಹೋದ್ರ ಕೈಗೇನೂ ಸಿಗವಲ್ದು.” ಹಾಗೆ ನಗುತ್ತಲೇ ಇದ್ದರು. ಆಮೇಲೆ ಒಂದು ದಿನ ಅವರ ತಲಬಾಗಿಲಿನ ಚೌಕಟ್ಟು ನೋಡಿದೆ. ಆಳೆತ್ತರಕ್ಕಿಂತ ಮೇಲೆ, ಎರಡೂ ಕಡೆ, ಮರ ಹೊಸದಾಗಿ ಕೆತ್ತಿ ಹೋಗಿತ್ತು. ಕೆಳಗೆ ಹೊಸ್ತಿಲ ಮೇಲೆ ಕಟ್ಟಿಗೆಯ ಚೂರು ಬಿದ್ದಿದ್ದವು.

ದುರಗಪ್ಪನ ಹೆಂಡತಿ ಸಾವಂತ್ರಿ ಆಗ ತುಂಬು ಬಸುರಿ, ಚೊಚ್ಚಲು. ತವರಿನವರು ಕರೆಯಲು ಬಂದರು. ಹುಡುಗಿ ಅಡುಗೆಮನೆಯಿಂದ ಪಡಸಾಲೆಗೆ ತಲೆ ಬಗ್ಗಿಸಿ, ಹೊರಳಿಸಿ ದಾಟಿ ಬಂದದ್ದನ್ನು ನೋಡಿದರು. ಕೊಟ್ಟ ಚಹಾ ಕುಡಿದು, “ಚಿತ್ರಾ ಏರಿಸಿ ಕಳಸ್ರಿ,” ಅಂತ ಹೇಳಿ ಬಂದ ದಾರಿಗೆ ಹೋದರು.

ಸಾವಂತ್ರಿಯ ಹೊಟ್ಟೆ ಮುಟ್ಟಿ ನೋಡಿದ ಸೂಲಗಿತ್ತಿ ಮಾಬೂಬಿ ಸೀದಾ ನಮ್ಮ ಮನೆಗೆ ಬಂದಳು. ಬಂದವಳು ನನ್ನ ಗಂಡ ಮಲಗಿದ್ದ ಹೊರಸಿನ ಕಾಲ ಹತ್ತಿರ ಕೂತು, ತನ್ನ ಎರಡೂ ಅಂಗೈಯನ್ನು ನೋಡಿಕೊಂಡಳು.

“ಎಷ್ಟು ಬಸುರಿನ ಮ್ಯಾಲೆ ಕೈ ಆಡಿಸೀನಿ ನಾ, ಕಾಳವ್ವ. ಕೂಸಿನ ತಲಿ ಎಲ್ಲೈತಿ, ಕಾಲು ಎಲ್ಲೈತಿ, ಕತ್ತಲ್ಯಾಗೂ ಹೇಳತೀನಿ. ಇಕಿ ಹೊಟ್ಟ್ಯಾಗ ತಲಿ ಸಿಗವಲ್ದವ್ವಾ. ಮೊರ ಸಿಗತೈತಿ.”

ನನ್ನ ಗಂಡ ಹೊದಿಕೆ ಸರಿಸಿ ಎದ್ದು ಕೂತರು. ಜ್ವರ ಇನ್ನೂ ಬಿಟ್ಟಿರಲಿಲ್ಲ.

“ಬ್ಯಾನಿ ಯಾವಾಗ ಬರಬಹುದು?”

“ಅಮಾಸಿ ದಾಟೂದಿಲ್ಲ. ಅದರೊಳಗ ಮುಗಸ್ರಿ ಅಣ್ಣಾ. ಬ್ಯಾನಿ ಶುರು ಆದ ಮ್ಯಾಲೆ ನೀವು ಬಣ್ಣ ಕಲಸಿದ್ರ ಏನುಪಯೋಗ?”

ಅವತ್ತು ಮಧ್ಯಾಹ್ನವೇ ಕಂಬಳಿ ಹೊದ್ದುಕೊಂಡು ಪರಸಪ್ಪನ ಅಂಗಳಕ್ಕೆ ಹೋದರು. ಬುರುಡೆಯ ಸುತ್ತ ಎರಡು ಸಲ ನಡೆದು, ಮೊರದಂಥ ಎಲುಬಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ನೋಟ ಯಾರದೆಂದು ಕೇಳಿದರು. ಅದು ಯಾರಿಗೂ ಬೇಡವಾದ ಪ್ರಶ್ನೆ. ಪರಸಪ್ಪ ಹಾಲುಗಟ್ಟಿದ ಕಣ್ಣನ್ನು ಆಕಾಶಕ್ಕೆ ಎತ್ತಿದ. “ನಂದು ತಗೋ ಅನ್ನಾಕ ನನ್ನ ಹತ್ರ ಏನೈತಿ?” ದುರಗಪ್ಪ ಮೊದಲು ಕಂಡವನು. ಅವನ ನೋಟ ನಡೆಯುವಂತಿಲ್ಲ; ಹೆಂಡತಿಯ ಮುಖ ನೋಡಿದ. ಬೇರೆ ಯಾರೂ ಆ ಮನೆಯಲ್ಲಿ ಇರಲಿಲ್ಲ.

“ನಾ ಕೊಡ್ತೀನ್ರಿ,” ಅಂದಳು ಸಾವಂತ್ರಿ. ಹಿತ್ತಿಲಿನಿಂದ ಕೊಡ ಹೊತ್ತು ಬಂದು ನಿಂತಿದ್ದಳು. “ನನ್ನ ಹೊಟ್ಟ್ಯಾಗಿಂದು ನಾ ಅಲ್ಲದ ಇನ್ನ್ಯಾರು ಕಾಯಬೇಕು?”

ಮರುದಿನ ಅವಳು ತಂಗೆವ್ವನ ಮನೆಗೆ ಹೊರಟಳು. ಒಬ್ಬಳೇ ಹೋಗಲು ಅಂಜಿಕೆ. ನನ್ನನ್ನು ಜೊತೆಗೆ ಕರೆದಳು. ತಂಗೆವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ನಮ್ಮನ್ನು ಕಂಡು ಮಣೆ ಕೊಟ್ಟಳು, ಬೆಲ್ಲ ನೀರು ಕೊಟ್ಟಳು. ಅವಳ ಮುಖ ನಮ್ಮ ಕಡೆಗೇ ಇತ್ತು. ಸಾವಂತ್ರಿ ನೀರು ಕುಡಿಯುತ್ತ ಮತ್ತೆ ಮತ್ತೆ ಬಾಗಿಲ ಕಡೆ ನೋಡಿದಳು.

“ಅಲ್ಲಿ ಯಾರೂ ಇಲ್ಲ ತಂಗಿ,” ಅಂದಳು ತಂಗೆವ್ವ. “ನಾನ ನಿನ್ನ ಜೋಡಿ ಮಾತಾಡಾಕತ್ತೀನಿ. ಎಲ್ಲಾರೂ ಹಂಗ ಮಾಡ್ತಾರ ಬಿಡು.”

“ನೋವ ಆಗತೈತೇನ್ರಿ ಯಕ್ಕಾ?”

“ಇಲ್ಲ. ತಲಿ ಮ್ಯಾಲಿನ ಕೊಡಾ ಯಾರೋ ಇಳಿಸಿದಂಗ ಆಗತೈತಿ. ಹಗುರ ಅನಸತೈತಿ ಮೊದಲ. ಆಮ್ಯಾಲೆ ಆ ಕೊಡದಾಗ ಏನಿತ್ತು ಅಂತ ಒಂದೊಂದ ತಿಳೀತೈತಿ.” ಶೇಂಗಾದ ಸಿಪ್ಪೆಯನ್ನು ಮೊರದಲ್ಲಿ ಒಂದು ಕಡೆ ಸರಿಸಿದಳು. “ನನ್ನ ಮಗ ಅಳೂವಾಗ, ಇಲ್ಲೇ ಅದೀನಿ ನೋಡೋ ನನ್ನಪ್ಪಾ ಅಂತಿದ್ದೆ. ನಾ ಅವನ ಮಾರಿಗೆ ಮಾರಿ ಹಚ್ಚಿದ್ರೂ ಅಂವ ಹುಡುಕತಿದ್ದ. ಈಗ ಚಲೋ ಮಾತಾಡ್ತಾನ, ಊಟಕ್ಕ ನೀಡ್ತೀಯೇನವ್ವಾ ಅಂತಾನ. ಸುಖದುಃಖ ಹೇಳಾಕ ಮಾತ್ರ ಗ್ವಾಡಿಗೆ ಹೋಗ್ತಾನ. ನಾ ಸತ್ತ ಮ್ಯಾಲೂ ಅದು ಅವನ್ನ ನೋಡ್ಕೋತ ಇರತೈತಿ. ಅದೊಂದು ಸಮಾಧಾನ ಅನ್ನು, ಹೊಟ್ಟಿಕಿಚ್ಚು ಅನ್ನು.”

ಹೊರಗೆ ಬಂದೆವು. ಉದ್ದ ಕೊರಳಿನದರ ಗೋಡೆ ದಾಟುವಾಗ ನಾವಿಬ್ಬರೂ ಸೆರಗು ಹೊದ್ದುಕೊಂಡೆವು.

ಗೋಡೆ ಹದ ಮಾಡುವುದು ಬಣ್ಣದವರ ಕೆಲಸವಲ್ಲ. ಕೆಮ್ಮಣ್ಣಿನ ಕೈ, ಸಗಣಿಯ ಕೈ, ಕಡೆಗೆ ಸುಣ್ಣ ಮತ್ತು ಅಂಬಲಿಯ ಕೈ, ಇಷ್ಟನ್ನೂ ಆ ಮನೆಯ ಹೆಣ್ಣುಮಗಳು ಬರಿಗೈಯಿಂದ ಸಾರಿಸಬೇಕು. ಸಾವಂತ್ರಿ ಬುಟ್ಟಿ ಹಿಡಿದು ಬಂದಳು, ಒಂದು ಸಲ ಬಗ್ಗಿದಳು, ತಲೆಯ ಭಾರಕ್ಕೆ ಮುಗ್ಗರಿಸಿ ಗೋಡೆ ಹಿಡಿದುಕೊಂಡಳು. ನಾನು ಅವಳ ಕೈಯಿಂದ ಬುಟ್ಟಿ ಕಸಿದುಕೊಂಡು ಕಟ್ಟೆಯ ಮೇಲೆ ಕೂಡಿಸಿದೆ. ಸೀರೆ ಎತ್ತಿ ಕಟ್ಟಿ ನಾನೇ ಸಾರಿಸಿದೆ. ನನಗೇನು, ದಿನಾ ಬಣ್ಣದಲ್ಲಿ ಅದ್ದುವ ಕೈ.

ಮಾಬೂಬಿ ಎಲೆ ಅಡಿಕೆ ಮೆಲ್ಲುತ್ತ ನೋಡುತ್ತಿದ್ದಳು. “ಗ್ವಾಡಿ ಸಾರಿಸಿದಾಕಿ ಮನಿಯಾಕಿ ಅಂತಾರ. ಪರಸಪ್ಪನ ಮನಿ ಸೊಸಿ ಆದಿ ನೋಡ ನೀ.”

“ಸೀರಿ ಕುಬಸ ಕೊಡಸು ಅನ್ನು ನಿಮ್ಮ ಪರಸಪ್ಪಗ. ಆಗ್ತೀನಿ,” ಅಂದೆ.

ಒಳಗಿನಿಂದ ಪರಸಪ್ಪ ಕೂಗಿದ. “ಸೀರಿ ಕೊಡಸಬಹುದು, ನಿನ್ನ ಬಾಯಿಗೆ ಏನು ಕೊಡಸಬೇಕವ್ವಾ?” ಅವತ್ತು ಆ ಮನೆಯಲ್ಲಿ ಕೊನೆಯ ಸಲ ಎಲ್ಲರೂ ನಕ್ಕಿದ್ದು.

ನನ್ನ ಗಂಡ ಬರೆಯುವ ರೀತಿ ಹೇಳಬೇಕು. ಮದುವೆಯಾದ ಹೊಸದರಿಂದಲೂ ಒಂದೇ ರೀತಿ. ಇದ್ದಲಿನಿಂದ ಒಂದು ಗೆರೆ ಎಳೆಯುತ್ತಾರೆ, ತಿರುಗಿ ನನ್ನ ಮುಖ ನೋಡುತ್ತಾರೆ. ನಾನು ಗೋಡೆ ನೋಡುತ್ತೇನೆ, ಆಮೇಲೆ ಅವರನ್ನು ನೋಡುತ್ತೇನೆ. ಮಾತಿಲ್ಲ. ಗೆರೆ ಅಳಿಸಬೇಕೋ ಮುಂದೆ ಹೋಗಬೇಕೋ ಅವರಿಗೆ ತಿಳಿಯುತ್ತದೆ. ಒಮ್ಮೆ ಜಗಳವಾಡಿ ನಾನು ತವರಿಗೆ ಹೋಗಿದ್ದಾಗ ಬರೆದ ಹಕ್ಕಿಕಾಲಿನದೊಂದು ಮೇಲಿನ ಓಣಿಯಲ್ಲಿದೆ. ಅದರ ಬಾಲ ಇವತ್ತಿಗೂ ಸರಿ ಕಾಣುವುದಿಲ್ಲ. ಅದರ ಮಾತು ತೆಗೆದರೆ ಊಟ ಬಿಟ್ಟು ಏಳುತ್ತಾರೆ.

ಮೂರು ಕೋಡಿನದು ಹಾಗೆ ಗೆರೆಗೆರೆಯಾಗಿ ಎದ್ದು ನಿಂತಿತು. ಹೋಗುವವರು ಬರುವವರು ನಿಂತು ಒಂದೊಂದು ಮಾತು ಹೇಳಿದರು. ಕಿವಿ ಎಲ್ಲಿ ಅಂದರು. ಇಷ್ಟು ದೊಡ್ಡ ತಲೆಗೆ ಇಷ್ಟೇ ಬಾಲವೇ ಅಂದರು. ಕಲ್ಲಪ್ಪ ಬಂದು, ಹೊಟ್ಟೆ ಜಾಸ್ತಿಯಾಯಿತು ಅಂತ ಹೇಳಿ ಹೋದ. ಗಣಿಯ ಬಂಡಿಯ ಮುದಿ ಎತ್ತಿನಿಂದ ನಡಿಗೆ ತಂದೆವು. ದುಂಡವ್ವನ ಎಮ್ಮೆಯನ್ನು ಗೋಡೆಯ ಎದುರು ಕಟ್ಟಿ, ಬಣ್ಣ ಒಣಗುವವರೆಗೆ ಹಿಂಡಿ ತಿನ್ನಿಸುತ್ತ ನಿಲ್ಲಿಸಿದೆವು.

“ಎರವಲು ಅಂದ್ರಿ. ತಿರುಗಿ ಯಾವಾಗ ಕೊಡ್ತೀರಿ?” ಅಂದಳು ದುಂಡವ್ವ.

“ಗ್ವಾಡಿ ಬಿದ್ದಾಗ,” ಅಂದರು ನನ್ನ ಗಂಡ, ಗೋಡೆಯ ಕಡೆಗೇ ಮುಖ ಮಾಡಿ. ಗೋಡೆ ಬಿದ್ದು ಯಾರಿಗಾದರೂ ಏನಾದರೂ ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಕಣ್ಣಿಲ್ಲದೆ ಅದು ಗೋಡೆಯ ಮೇಲೆ ನಿಂತಿತ್ತು. ಕಣ್ಣಿನ ಜಾಗದಲ್ಲಿ ಸುಣ್ಣದ ಬಿಳಿ ಹಾಗೇ ಇತ್ತು. ಕಣ್ಣು ಬಿಡಿಸುವ ಮುಂಚೆ ಬಣ್ಣವೆಲ್ಲ ಪೂರ್ತಿ ಆರಬೇಕು, ಅವಸರ ಮಾಡುವಂತಿಲ್ಲ. ಬೀದಿನಾಯಿಗಳು ಆ ಗೋಡೆಯ ಹತ್ತಿರ ಬಂದಾಗ, ಅಲ್ಲೇನೋ ಅಡ್ಡ ಇದೆ ಎನ್ನುವಂತೆ ಬೀದಿಯ ಆಚೆ ಬದಿಗೆ ಸುತ್ತಿ ಹೋಗುತ್ತಿದ್ದವು. ಮುಂಜಾನೆ ಹೋಗಿ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತಿತ್ತು, ಬಿಸಿಲು ಇನ್ನೂ ಅತ್ತ ಬಂದೇ ಇರುತ್ತಿರಲಿಲ್ಲ. ನನ್ನ ಗಂಡ ಒಂದು ದಿನ ಹಗ್ಗ ತಂದು ಮತ್ತೆ ಅಳೆದರು. ಮೂಗು ತಾವು ಬರೆದ ಜಾಗಕ್ಕಿಂತ ಗೇಣು ದೂರ, ತಲಬಾಗಿಲ ಕಡೆಗೆ ಸರಿದಿತ್ತು.

“ಕಣ್ಣಿಲ್ಲದ್ದು ಮೂಸತೈತಿ,” ಅಂದರು. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡರು. ಒಳಗೆ ಸಾವಂತ್ರಿ ನರಳುವುದು ಕೇಳಿಸುತ್ತಿತ್ತು. ಬೇನೆಯಲ್ಲ, ತಲೆಯ ಭಾರ. ಅವಳು ಆಗ ಎದ್ದು ಕೂಡಲಾರದಂತಾಗಿದ್ದಳು. ಕೊರಳ ಕೆಳಗೆ ಮೂರು ತಲೆದಿಂಬು ಇಟ್ಟಿದ್ದರು. ಮೂರೂ ನಡುವೆ ತಗ್ಗು ಬಿದ್ದು, ಎರಡು ಬದಿಗೆ ಹರಿದು ಹತ್ತಿ ಹೊರಗೆ ಬಂದಿತ್ತು.

ಕಣ್ಣು ಬಿಡಿಸುವುದು ಬೆಳಗಿನ ಹೊತ್ತು, ಗೋಡೆಗೆ ಬಿಸಿಲು ಬೀಳುವ ಮುಂಚೆ. ಆ ಹೊತ್ತಿಗೆ ಓಣಿಯ ಬಾಗಿಲುಗಳೆಲ್ಲ ಮುಚ್ಚುತ್ತವೆ. ನೋಟ ಕೊಡುವವರು ಗೋಡೆಯ ಎದುರು ಮಣೆಯ ಮೇಲೆ ಕೂರುತ್ತಾರೆ. ಅವರನ್ನೂ ಬರೆಯುವವನನ್ನೂ ಬಿಟ್ಟು ಬೇರೆ ಯಾರೂ ಗೋಡೆ ನೋಡಬಾರದು; ಕಣ್ಣು ತೆರೆದದ್ದು ಮೊದಲು ಯಾರನ್ನು ನೋಡುತ್ತದೋ ಅವರ ನೋಟ ಅದಕ್ಕೆ ಹೋಗುತ್ತದೆ. ಬರೆಯುವವನೂ ಕುಂಚದ ತುದಿಯನ್ನಷ್ಟೇ ನೋಡುತ್ತಾನೆ. ಬಣ್ಣ ಕೊಡುವವರು ಗೋಡೆಗೆ ಬೆನ್ನು ಹಾಕಿ ಕೂತು, ಬಟ್ಟಲನ್ನು ಹಿಂದಕ್ಕೆ ಚಾಚಿ ಕೊಡಬೇಕು. ನಾನು ಎಷ್ಟೋ ಕಣ್ಣಿಗೆ ಕರಿ ಕೊಟ್ಟಿದ್ದೇನೆ, ಒಂದನ್ನೂ ತಿರುಗಿ ನೋಡಿದವಳಲ್ಲ. ಕಣ್ಣಿನ ಕರಿ ಅಂದರೆ ಔಡಲೆಣ್ಣೆಯ ದೀಪದ ಕಾಡಿಗೆ, ಜಾಲಿಯ ಅಂಟು. ಹಿಂದಿನ ದಿನ ಇಡೀ ಅರೆದಿದ್ದೆ.

ದುರಗಪ್ಪ ಮತ್ತು ಮಾಬೂಬಿ ಸಾವಂತ್ರಿಯನ್ನು ಹಿಡಿದು ತಂದು ಮಣೆಯ ಮೇಲೆ ಕೂಡಿಸಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಗುಳಿ ಬಿದ್ದ ಸದ್ದಾಯಿತು. ನಾನು ಬೀದಿಯ ಕಡೆ ಮುಖ ಮಾಡಿ ಕೂತಿದ್ದೆ. ಎದುರಿಗೆ ಮುಚ್ಚಿದ ಬಾಗಿಲುಗಳು, ಒಂದು ಮನೆಯ ಮುಂದೆ ಉರುಳಿ ಬಿದ್ದ ತಂಬಿಗೆ. ಬೆನ್ನಿನ ಹಿಂದೆ ಕುಂಚ ಬಟ್ಟಲಿಗೆ ತಾಗಿತು. ಮೊದಲನೆಯ ಕಣ್ಣು ಆಗುತ್ತಿದೆ ಅಂತ ತಿಳಿಯಿತು. ಬೆನ್ನಿಗೆ ಸೆಕೆ ಹೊಡೆಯುತ್ತಿತ್ತು, ದೊಡ್ಡ ದನವೊಂದು ಹಿಂದೆ ಬಂದು ನಿಂತು ಉಸಿರು ಬಿಟ್ಟಂತೆ.

ಸಾವಂತ್ರಿ ಏನೋ ಪಿಸುಗುಟ್ಟುತ್ತಿದ್ದಳು. ದೇವರ ಹೆಸರು ಅಂದುಕೊಂಡೆ. ಅಲ್ಲ, ಹೊಟ್ಟೆಯ ಜೊತೆ ಮಾತಾಡುತ್ತಿದ್ದಳು. “ನನ್ನ ದನಿ ನೆನಪ ಇಟಕೋ ಕೂಸ. ಮಾರಿ ಹುಡಕಬ್ಯಾಡ. ಈ ದನಿ ಎಲ್ಲಿಂದ ಬರತೈತೋ ಅಲ್ಲೇ ನಾ ಅದೀನಿ.”

ನನ್ನ ಮಗಳು ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಅವಳನ್ನು ನಾನು ನೋಡಿ ನೋಡಿ ಬೆಳೆಸಿದ್ದೇನೆ. ಅವಳು ಬೀಳುವಾಗ ನೋಡಿದ್ದೇನೆ, ಸುಳ್ಳು ಹೇಳುವಾಗ ನೋಡಿದ್ದೇನೆ. ಇದು ಯಾಕೆ ಆಗ ನೆನಪಾಯಿತೋ ಗೊತ್ತಿಲ್ಲ. ಬಟ್ಟಲನ್ನು ಮತ್ತೆ ಹಿಂದಕ್ಕೆ ಚಾಚಿದೆ. ಕರಿ ನನ್ನ ಬೆರಳಿಗೆ ಇಳಿಯಿತು. ತೆಳ್ಳಗಾಗಿದೆಯೇನೋ ಅನ್ನಿಸಿತು. ತೆಳ್ಳಗಾದರೆ ಕಣ್ಣೀರಿನ ಹಾಗೆ ಗೋಡೆಯ ಮೇಲೆ ಹರಿಯುತ್ತದೆ. ನಾನು ತಿರುಗಿ ನೋಡಿದೆ.

ಒಂದು ಕಣ್ಣು ಆಗಿತ್ತು. ಅದು ಇನ್ನೂ ಯಾರನ್ನೂ ನೋಡುತ್ತಿರಲಿಲ್ಲ. ಕುಂಚದ ತುದಿ ಎರಡನೆಯದರ ನಟ್ಟನಡುವೆ ಚುಕ್ಕೆ ಇಟ್ಟು ಮೇಲೆದ್ದಿತು. ಮೂರು ಕೋಡಿನದು ನನ್ನನ್ನು ನೋಡಿತು.

ತಂಗೆವ್ವ ಹೇಳಿದ್ದು ಸರಿ. ತಲೆಯ ಮೇಲಿನ ಕೊಡ ಇಳಿದಂತಾಯಿತು, ಅಷ್ಟೇ. ಕರಿ ಹರಿದಿರಲಿಲ್ಲ. ಒಳಗೆ ಯಾರೋ ಅಯ್ಯಪ್ಪಾ ಅಂತ ದೊಡ್ಡ ಉಸಿರು ಬಿಟ್ಟರು, ಪರಸಪ್ಪನಿರಬೇಕು. ಸಾವಂತ್ರಿ ಕೊರಳು ನೆಟ್ಟಗೆ ಮಾಡಿ, ಎರಡೂ ಕೈಯಿಂದ ತನ್ನ ತಲೆ ಮುಟ್ಟಿ ನೋಡಿಕೊಂಡಳು.

ನನ್ನ ಗಂಡ ಕುಂಚ ಕೆಳಗಿಟ್ಟು, ಯಾವಾಗಿನಂತೆ ತಿರುಗಿ ನನ್ನ ಮುಖ ನೋಡಿದರು. ನೋಡಿದರು, ಆಮೇಲೆ ನನ್ನ ಹಿಂದೆ ನೋಡಿದರು, ಬೀದಿಯ ಎರಡೂ ಕಡೆ ನೋಡಿದರು. ಏನು ಅಂತ ಕೇಳಿದೆ. ಅವರು ನಿಧಾನಕ್ಕೆ ಗೋಡೆಯ ಕಡೆ ತಿರುಗಿದರು. ನನ್ನ ನೋಟವನ್ನು ಅಲ್ಲಿ ಕಂಡರು.

ಅಮಾವಾಸ್ಯೆಯ ಹಿಂದಿನ ದಿನ ಸಾವಂತ್ರಿ ಹೆಣ್ಣು ಹೆತ್ತಳು. ದುಂಡು ತಲೆ, ತಲೆತುಂಬ ಕೂದಲು. ತಾಯಿ ಮಗಳನ್ನು ನೋಡಿದಳು, ಮಗಳು ಅಳು ನಿಲ್ಲಿಸಿತು. ಮಾಬೂಬಿ ಕೈ ತೊಳೆದುಕೊಂಡು ನಮ್ಮ ಮನೆಗೆ ಬಂದು, ನಾನು ಒಲೆಯ ಮುಂದಿದ್ದರೂ ಎರಡು ಸಲ ನನ್ನ ಹೆಸರು ಹಿಡಿದು ಕೂಗಿದಳು.

“ಇಲ್ಲೇ ಅದೀನಿ,” ಅಂದೆ.

ಬೆಚ್ಚಿದಳು. ಆಮೇಲೆ ಕೂತು ಅತ್ತಳು. “ನಾ ನಗಚಾಟಿಕಿಗೆ ಅಂದಿದ್ದೆನವ್ವಾ, ಮನಿಯಾಕಿ ಆದಿ ಅಂತ. ಗ್ವಾಡಿ ಅದನ್ನ ಖರೆ ಅನಕೊಂಡೈತಿ. ಖರೆ ಹೇಳ, ತಿಳದ ಮಾಡಿದ್ಯೋ, ಗೊತ್ತಿಲ್ಲದ ತಿರುಗಿದ್ಯೋ?”

“ಕರಿ ತೆಳ್ಳಗಾಗಿತ್ತು,” ಅಂದೆ. ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ.

ಪರಸಪ್ಪ ಸೀರೆ ಕುಬಸ ಕೊಡಿಸಿದ. ಯಾರೂ ನಗಲಿಲ್ಲ. ಸಾವಂತ್ರಿ ಕೂಸನ್ನು ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಹಾಕುತ್ತಾಳೆ. ಕೂಸು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನನ್ನು ಯಾರೋ ನೆಲಕ್ಕೆ ಹಾಕಿ ಹೋದರು ಅನ್ನುವಂತೆ ಚೀರುತ್ತದೆ. ಅದೇ ಕೂಸು ತಮ್ಮ ಮನೆಯ ಗೋಡೆಯ ಕೆಳಗೆ ಕೈಕಾಲು ಆಡಿಸಿ ಕೇಕೆ ಹಾಕುತ್ತದೆ. ಅಂಗಡಿಯಲ್ಲಿ ನನ್ನ ಹಿಂದೆ ಬಂದವರಿಗೆ ಮೊದಲು ಸಾಮಾನು ಸಿಗುತ್ತದೆ. ಅವರದೇನೂ ತಪ್ಪಿಲ್ಲ, ನಾನು ಎದುರಿಗೆ ನಿಂತಿದ್ದರೂ ಕಾಯುತ್ತಿದ್ದೇನೆ ಅಂತ ಅವರಿಗೆ ಅನ್ನಿಸುವುದಿಲ್ಲ. ಎರಡೂ ಕೈತುಂಬ ಗಾಜಿನ ಬಳೆ ಇಟ್ಟುಕೊಂಡಿದ್ದೇನೆ, ಸದ್ದಿಗಾದರೂ ಆಗಲಿ ಅಂತ. “ನನ್ನ ಎಮ್ಮೀದು ಇನ್ನೊಂದು ಗಂಟಿ ಐತಿ, ಕೊಡ್ಲೇನ ಬೇ?” ಅಂತ ದುಂಡವ್ವ ಕೇಳಿದಳು. ಅವಳೊಬ್ಬಳೇ ನನ್ನ ಜೊತೆ ಮೊದಲಿನ ಹಾಗೆ ಮಾತಾಡುವವಳು. ರೂಢಿಯಾಗಿದೆ ಅವಳಿಗೆ.

ನನಗೆ ರೂಢಿಯಾಯಿತು. ಆಗದೆ ಇದ್ದದ್ದು ನನ್ನ ಗಂಡನಿಗೆ.

ಮಳೆಗಾಲ ಮುಗಿದ ಮೇಲೆ ಬಡಿಗೇರ ಮನೆಯವರ ಗಣಿಯಲ್ಲಿ ಸಣ್ಣದೊಂದು ಸಿಕ್ಕಿತು. ಕರುವಿನಷ್ಟು ಮೈ, ಗಿಳಿಯ ಕೊಕ್ಕು, ಮೂಗಿನ ಮೇಲೆ ಒಂದೇ ಕೋಡು. ಮೊದಲು ಹಾಸುಗಲ್ಲಿನ ತುಂಡಿನ ಮೇಲೆ ಇದ್ದಲಿನಿಂದ ಬರೆದು ನೋಡುವುದು ಅವರ ಪದ್ಧತಿ. ಒಂದು ಗೆರೆ ಎಳೆದರು, ತಿರುಗಿ ನನ್ನ ಮುಖ ನೋಡಿದರು, ಹಾಗೇ ಕೂತರು. ಚಲೋ ಐತಿ ಅಂದೆ. ಅಳಿಸಿದರು. ಇನ್ನೊಂದು ಎಳೆದರು. ಇದೂ ಚಲೋ ಐತಿ ಅಂದೆ.

“ಬಾಯಿಲೆ ಯಾರ ಬೇಕಾದ್ರೂ ಹೇಳ್ತಾರ,” ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ. ಕಲ್ಲನ್ನು ಒದ್ದೆ ಅರಿವೆಯಿಂದ ಒರೆಸಿ ಗೋಡೆಗೆ ಆನಿಸಿಟ್ಟರು.

ದಿನಗಳು ಹಾಗೇ ಹೋದವು. ಬಡಿಗೇರ ಮನೆಯವರಿಗೆ ತುಟಿ ಕೊಕ್ಕಿನಂತೆ ಬಿಗಿದು ಬರತೊಡಗಿತ್ತು, ಗಂಜಿ ಕುಡಿಯಲೂ ಬರುತ್ತಿಲ್ಲ ಅಂತ ಹೇಳಿ ಕಳಿಸಿದರು. ಕಲ್ಲಪ್ಪನನ್ನು ಕರೆಯುವ ಮಾತೂ ಬಂತು. ನನ್ನ ಗಂಡ ಬರೆದರು, ನನ್ನ ಕಡೆ ತಿರುಗಿದರು, ಅಳಿಸಿದರು. ತಿರುಗುವುದನ್ನು ಬಿಟ್ಟಾರು ಅಂದುಕೊಂಡಿದ್ದೆ. ಬಿಡಲಿಲ್ಲ.

ನಿನ್ನೆ ಸಂಜೆ ಗೆರೆ ಎಳೆದು ಮುಗಿಸಿ, ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೊರಟರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ನಮ್ಮ ಬಾಗಿಲಲ್ಲಿ ನಿಂತರೆ ಪರಸಪ್ಪನ ಗೋಡೆಯ ಒಂದು ಮಗ್ಗುಲು ಕಾಣಿಸುತ್ತದೆ. ಬಿಸಿಲು ಎಮ್ಮೆಯ ತೊಗಲಿನ ಮೇಲೆ ಬಿದ್ದಿತ್ತು. ಅವರು ಅದರ ಎದುರು ನಿಂತು, ರುಮಾಲು ತೆಗೆದು ಕೂದಲು ನೀವಿಕೊಂಡು ಮತ್ತೆ ಸುತ್ತಿಕೊಂಡರು. ಆಮೇಲೆ ಕಲ್ಲನ್ನು ಎರಡೂ ಕೈಯಿಂದ ಎತ್ತಿ ಅದಕ್ಕೆ ತೋರಿಸಿದರು. ಬಹಳ ಹೊತ್ತು ಹಿಡಿದುಕೊಂಡಿದ್ದರು. ಅವರ ಬೆನ್ನು ಮೆಲ್ಲಗೆ ಸಡಿಲಾದದ್ದು ನನಗೆ ಇಲ್ಲಿಂದಲೇ ಕಂಡಿತು. ಅಷ್ಟು ಸಡಿಲಾಗಿ ಅವರು ನಿಂತದ್ದನ್ನು ಸುಗ್ಗಿಯಿಂದ ಈಚೆಗೆ ನಾನು ಕಂಡಿರಲಿಲ್ಲ.

ತಿರುಗಿ ಬಂದು ಪಡಸಾಲೆಯಲ್ಲಿ ಕೂತರು. ಅರಿವೆಯ ತುದಿಯಿಂದ ಕೋಡನ್ನಷ್ಟೇ ಒರೆಸಿ, ಒಂದೇ ಎಳೆತಕ್ಕೆ ಹೊಸದಾಗಿ ಬರೆದರು. ಈ ಸಲ ನನ್ನ ಕಡೆ ತಿರುಗಲಿಲ್ಲ.

“ನೋಡಿತೇನು ನಿಮ್ಮನ್ನ?” ಅಂತ ಕೇಳಿದೆ.

“ನೋಡಿತು.”

“ಏನಂತು?”

“ಕೋಡು ಒಂದ ಬೆರಳು ಕೆಳಗ ಬರಬೇಕಿತ್ತು.”

ಮುಂಜಾನೆ ಅವರು ಕೋಡು ಬರೆದಾಗಿನಿಂದ ನಾನು ಅದನ್ನೇ ಅಂದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಬಳೆ ಸದ್ದಾಗದಂತೆ ಮೇಲಕ್ಕೆ ಸರಿಸಿಕೊಂಡು ಒಳಗೆ ಹೋದೆ, ಕರಿ ಅರೆಯಲು ಕೂತೆ.